ಅಡುಗೆಮನೆಯ ಪ್ರಶ್ನೋತ್ತರ: ಮಿಕ್ಕ ಬ್ರೆಡ್ಡನ್ನು ಏನು ಮಾಡುವುದು?

ಪ್ರಶ್ನೆ: ನಮ್ಮದು ಇಬ್ಬರೇ ಇರುವ ಮನೆ. ಬೇಕರಿಯಿಂದ ತಂದ ಬ್ರೆಡ್ಡಿನಲ್ಲಿ ಅರ್ಧ ಮಿಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮರುದಿನವೇ ಬಿರುಸಾಗುತ್ತದೆ, ಅದರಲ್ಲಿ ಉಪ್ಪಿಟ್ಟು ಮಾಡಿದರೆ ಮುದ್ದೆಯಾಗುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀರು ಆರಿಹೋಗುವುದರಿಂದಲೇ ಬ್ರೆಡ್ ಬಿರುಸಾಗುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಗಾಳಿಯಾಡದಂತೆ ಮುಚ್ಚಿಟ್ಟ ಬ್ರೆಡ್ಡೂ ಬಿರುಸಾಗುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಿಂಗೊ 1852ರಷ್ಟು ಹಿಂದೆಯೇ ತೋರಿಸಿದ್ದರು. ಬೇಯುವಾಗ ನೀರು ಹೀರಿ ಉಬ್ಬಿದ ಪಿಷ್ಟವು ಆರಿದ ಮೇಲೆ ನಿಧಾನವಾಗಿ ಮತ್ತೆ ಬಿಗಿಯಾಗಿ ಹೆಣೆದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುವುದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲಿನ ತಂಪಿನಲ್ಲಿ, ಅಂದರೆ ನಮ್ಮ ಫ್ರಿಜ್ಜಿನ ಒಳಗೇ. ಆದ್ದರಿಂದ ಒಂದೆರಡು ದಿನದಲ್ಲಿ ಮುಗಿಯುವಷ್ಟನ್ನು ಹೊರಗೇ ಇಟ್ಟು, ಉಳಿದ ಹೋಳುಗಳನ್ನು ತಂದ ದಿನವೇ ಗಾಳಿಯಾಡದ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಬೇಕಾದಾಗ ಬೇಕಾದಷ್ಟನ್ನು ತೆಗೆದು ನೇರವಾಗಿ ಕಾವಲಿಯ ಮೇಲೆ ಹಾಕಬಹುದು. ಮಲೆನಾಡಿನ ಮಳೆಗಾಲದಲ್ಲಂತೂ ಹೊರಗಿಟ್ಟ ಬ್ರೆಡ್ಡಿಗೆ ಬೂಷ್ಟು ಬೇಗ ಹಿಡಿಯುವುದರಿಂದ ಈ ಕ್ರಮ ಇನ್ನೂ ಒಳ್ಳೆಯದು.

ಇನ್ನು ಉಪ್ಪಿಟ್ಟಿನ ಮಾತು. ರವೆಗೆ ನೀರು ಸುರಿಯುವಂತೆ ಬ್ರೆಡ್ಡಿಗೂ ಸುರಿದರೆ ಮುದ್ದೆಯಾಗದೆ ಬೇರೆ ದಾರಿಯಿಲ್ಲ, ಏಕೆಂದರೆ ಅದು ಈಗಾಗಲೇ ಬೆಂದಿರುವ ಪದಾರ್ಥ. ಎಂಟು ಹೋಳುಗಳನ್ನು ಬೆರಳಗಲದ ಚೂರುಗಳಾಗಿ ಕತ್ತರಿಸಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಅಂಚು ಗರಿಗರಿಯಾಗುವವರೆಗೆ ಹುರಿದು ತೆಗೆದಿಡಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆಗೆ ಈರುಳ್ಳಿ ಹಾಕಿ ಬಾಡಿಸಿ, ಟೊಮೆಟೊ ಸೇರಿಸುವುದಾದರೆ ಅದರ ನೀರು ಪೂರ್ತಿ ಇಂಗಿದ ಮೇಲೆಯೇ ಚೂರುಗಳನ್ನು ಹಾಕಿ. ಬಳಿಕ ಎರಡು ಮೂರು ಚಮಚ ಹುಳಿ ಮಜ್ಜಿಗೆಯನ್ನು ಕೈಯಿಂದ ಚಿಮುಕಿಸಿ, ಸೌಟಿನಿಂದ ಕಲಕದೆ ಬಾಣಲೆಯನ್ನೇ ಕುಲುಕಿ, ಎರಡು ನಿಮಿಷ ಮುಚ್ಚಿಟ್ಟು ಇಳಿಸಿ. ಬ್ರೆಡ್ಡಿನಲ್ಲಿಯೇ ಉಪ್ಪಿರುವುದರಿಂದ ಒಗ್ಗರಣೆಗೆ ಹಾಕುವ ಉಪ್ಪು ಎಂದಿನದಕ್ಕಿಂತ ಕಡಿಮೆಯಿರಲಿ. ಈ ತಿಂಡಿಗೆ ಹೊಸ ಬ್ರೆಡ್ಡಿಗಿಂತ ಹಳೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೆತ್ತನೆಯ ಬ್ರೆಡ್ ಮಜ್ಜಿಗೆ ತಾಗಿದೊಡನೆ ಕರಗಿ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಒಂದು ಮೂಲೆಯಲ್ಲಿ ಮಾತ್ರ ಬೂಷ್ಟು ಬಂದಿದ್ದರೆ ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಳಸಬಹುದೆ?
– ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಬಳಸಬಾರದು. ಬಿರುಸಾದ ಬ್ರೆಡ್ ಬೇರೆ, ಕೆಟ್ಟ ಬ್ರೆಡ್ ಬೇರೆ. ಕಣ್ಣಿಗೆ ಕಾಣುವ ಹಸಿರು ಮಚ್ಚೆ ಬೂಷ್ಟಿನ ಮೇಲ್ಭಾಗವಷ್ಟೇ. ಅದರ ಎಳೆಗಳು ಬ್ರೆಡ್ಡಿನ ರಂಧ್ರಗಳ ಮೂಲಕ ಒಳಗೆ ಹರಡಿರುತ್ತವೆ. ಕೆಲವು ಬಗೆಯ ಬೂಷ್ಟು ಉಂಟುಮಾಡುವ ವಿಷಗಳು ಹುರಿದರೂ ಕರಿದರೂ ಪೂರ್ತಿ ನಾಶವಾಗುವುದಿಲ್ಲ. ಹಸುವಿಗೆ ಹಾಕಿದರಾಯಿತು ಎನ್ನುವವರಿದ್ದಾರೆ, ಅದೂ ಸರಿಯಲ್ಲ. ಬೂಷ್ಟು ಕಾಣದಿದ್ದರೂ ಬ್ರೆಡ್ಡಿನ ಒಳಭಾಗ ಅಂಟಂಟಾಗಿ, ಮುರಿದಾಗ ನೂಲೆದ್ದು, ಕಳಿತ ಹಣ್ಣಿನ ವಾಸನೆ ಬಂದರೆ ಅದನ್ನೂ ಎಸೆಯಬೇಕು.

ಪ್ರಶ್ನೆ: ಸಿಹಿ ಬ್ರೆಡ್ ಮಿಕ್ಕಿದೆ. ಉಪ್ಪಿಟ್ಟಿಗೆ ಅದು ಹೊಂದುತ್ತಿಲ್ಲ.
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಕಡೆಯ ಡಬಲ್ ಕಾ ಮೀಠಾ ಇರುವಾಗ ಉಪ್ಪಿಟ್ಟಿನ ಗೊಡವೆ ಏಕೆ? ಹೋಳುಗಳನ್ನು ತುಪ್ಪದಲ್ಲಿ ಕೆಂಪಗೆ ಕರಿದು, ಏಲಕ್ಕಿ ಹಾಕಿದ ತೆಳು ಸಕ್ಕರೆ ಪಾಕದಲ್ಲಿ ಅದ್ದಿ, ಗಟ್ಟಿಯಾಗಿ ಕಾಯಿಸಿದ ಹಾಲನ್ನು ಮೇಲೆ ಸುರಿಯಿರಿ. ಬ್ರೆಡ್ಡೇ ಸಿಹಿಯಾಗಿರುವುದರಿಂದ ಪಾಕದ ಸಕ್ಕರೆಯನ್ನು ಕಡಿಮೆ ಮಾಡಬೇಕು, ಮತ್ತು ಬೇಗ ಕಪ್ಪಾಗುವುದರಿಂದ ಉರಿಯನ್ನು ಸಣ್ಣಗೆ ಇಟ್ಟು ಕರಿಯಬೇಕು. ಕತ್ತರಿಸಿ ತೆಗೆದ ಅಂಚುಗಳನ್ನು ಕಾವಲಿಯ ಮೇಲೆ ಒಣಗಿಸಿ, ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಪುಡಿಮಾಡಿಕೊಂಡರೆ ಕಟ್ಲೆಟ್ ಹೊರಳಿಸಲು ಬರುತ್ತದೆ. ಬಿಸಿಯಿರುವಾಗಲೇ ಪುಡಿಮಾಡಿ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ.