ಸಂಪಾದಕರ ಉತ್ತರ: ಎಲೆಕ್ಟ್ರಿಕ್ ಕುರಿ ಸಾಕಿದವನ ಕಥೆ

ನಿಮ್ಮ ಪತ್ರ ಓದಿ ನಗು ಬಂತು, ಬೇಜಾರಾಗಬೇಡಿ. 'ಬ್ಲೇಡ್ ರನ್ನರ್' ಸಿನಿಮಾಕ್ಕೆ ಮರುಳಾಗಿ ಅದರ ಮೂಲ ಕಾದಂಬರಿ, ಫಿಲಿಪ್ ಕೆ. ಡಿಕ್ ಬರೆದ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ತರಿಸಿಕೊಂಡಿರಿ. ನೋಡಿದರೆ ಮಳೆ ಇಲ್ಲ, ನಿಯಾನ್ ದೀಪ ಇಲ್ಲ, ಆಂಡ್ರಾಯ್ಡ್‌ಗಳನ್ನು, ಅಂದರೆ ಮನುಷ್ಯರಂತೆಯೇ ಕಾಣುವ ಯಂತ್ರಗಳನ್ನು, ಹುಡುಕಿ ಕೊಲ್ಲುವ ಡೆಕರ್ಡ್ ಬೆಳಗ್ಗೆ ಎದ್ದು ಹೆಂಡತಿ ಜೊತೆ ಜಗಳ ಆಡುತ್ತಾನೆ, ಆಮೇಲೆ ಅವನು ತಾರಸಿಗೆ ಹೋಗಿ ಕುರಿ ನೋಡುತ್ತಾನೆ. ಮುಂದೆ ಓದಲೋ ಬೇಡವೋ ಅಂತ ಕೇಳಿದ್ದೀರಿ.

ಓದಿ. ಕಾದಂಬರಿ 1968ರದ್ದು, ರಿಡ್ಲಿ ಸ್ಕಾಟ್ ಸಿನಿಮಾ 1982ರದ್ದು. ಊರು ಬದಲಾಯಿತು, ಹೆಂಡತಿ ಮಾಯವಾದಳು. ನಿಮಗೆ ಇಷ್ಟವಾದ, ಮಳೆಯಲ್ಲಿ ಸಾಯುವಾಗ ಆಂಡ್ರಾಯ್ಡ್ ಆಡುವ ಆ ಮಾತೂ ಪುಸ್ತಕದಲ್ಲಿಲ್ಲ, ಸುಮ್ನೆ ಹುಡುಕಬೇಡಿ.

ಆದರೆ ಸಿನಿಮಾದಲ್ಲಿ ರೇಚಲ್ ಅನ್ನುವ ಹೆಣ್ಣು ಮನುಷ್ಯಳಾ ಆಂಡ್ರಾಯ್ಡಾ ಅಂತ ಡೆಕರ್ಡ್ ಪ್ರಶ್ನೆ ಕೇಳಿ ಪರೀಕ್ಷೆ ಮಾಡುವ ದೃಶ್ಯ ನೆನಪಿಸಿಕೊಳ್ಳಿ. ಕರುವಿನ ಚರ್ಮದ ಪರ್ಸು, ಚಿಟ್ಟೆ ಕೊಲ್ಲುವ ಹುಡುಗ, ಹೀಗೆ ಪ್ರಾಣಿಗಳ ಬಗ್ಗೆಯೇ ಯಾಕೆ ಕೇಳುತ್ತಾನೆ? ಸಿನಿಮಾ ಹೇಳುವುದಿಲ್ಲ. ಪ್ರಶ್ನೆ ಇಟ್ಟುಕೊಂಡು ಕಾರಣ ಬಿಟ್ಟುಬಿಟ್ಟರು. ಕಾರಣ ಇರುವುದು ನಿಮಗೆ ಬೇಸರ ತಂದ ಆ ತಾರಸಿಯಲ್ಲೇ. ಕಾದಂಬರಿಯ ಲೋಕದಲ್ಲಿ ಯುದ್ಧದ ವಿಷದ ಧೂಳಿಗೆ ಮೊದಲು ಗೂಬೆಗಳು ಸತ್ತವು, ಆಮೇಲೆ ಮಿಕ್ಕವು. ಈಗ ಒಂದು ಜೀವ ಸಾಕುವುದೇ ಮನುಷ್ಯರಿಗೆ ಮರ್ಯಾದೆ. ಕೈಯಲ್ಲಿ ಕಾಸಿಲ್ಲದವರು ಎಲೆಕ್ಟ್ರಿಕ್ ಪ್ರಾಣಿ ಇಟ್ಟುಕೊಂಡು ಅಸಲಿ ಅಂತ ನಟಿಸುತ್ತಾರೆ. ಡೆಕರ್ಡ್‌ನ ಕುರಿ ಅಂಥದ್ದೇ. ಪಕ್ಕದ ಮನೆಯವನ ಕುದುರೆ ಅಸಲಿ, ಸಾಲದ್ದಕ್ಕೆ ಗಬ್ಬ ಬೇರೆ! ಹೊಟ್ಟೆ ಉರಿಯದೆ ಇರುತ್ತದಾ?

ಮುಂದಿನದು ಕೇಳಿ. ಒಂದು ಆಂಡ್ರಾಯ್ಡ್ ಮುಗಿಸಿದರೆ ಸಾವಿರ ಡಾಲರ್. ಮೂರರ ದುಡ್ಡನ್ನು ಮುಂಗಡ ಕೊಟ್ಟು ಅವನು ಮೇಕೆ ತರುತ್ತಾನೆ. ಕನಿಕರ ಇಲ್ಲ ಅಂತ ಅವುಗಳನ್ನು ಕೊಲ್ಲುವುದು, ಆ ದುಡ್ಡಲ್ಲಿ ಕನಿಕರ ತೋರಿಸೋಕೆ ಮೇಕೆ ಕೊಳ್ಳುವುದು! ಇದು ಸಿನಿಮಾದಲ್ಲಿ ಎಲ್ಲಿದೆ ಹೇಳಿ? ಹಾಗಂತ ಡಿಕ್ ಆಂಡ್ರಾಯ್ಡ್‌ಗಳ ಪರ ಅಂತಲೂ ಅಲ್ಲ. ಪ್ರಿಸ್ ಅನ್ನುವ ಆಂಡ್ರಾಯ್ಡ್ ಹೆಣ್ಣು ಒಂದು ಜೇಡ ಹಿಡಿದು, ನಾಲ್ಕೇ ಕಾಲಲ್ಲಿ ನಡೆಯುತ್ತದಾ ನೋಡೋಣ ಅಂತ ಒಂದೊಂದೇ ಕಾಲು ಕತ್ತರಿಸುವ ಜಾಗ ಬರುತ್ತದೆ. ನನಗಂತೂ ಓದೋಕೆ ಕಷ್ಟವಾಯಿತು.

ಮರ್ಸರ್ ಅನ್ನುವ ಮುದುಕನ ಧರ್ಮದ ಭಾಗ ಎಳೆದಂತಿದೆ, ನಿಜ. ಆದರೂ ಹಾರಿಸಬೇಡಿ, ಅದಿಲ್ಲದೆ ಕೊನೆ ಅರ್ಥವಾಗುವುದಿಲ್ಲ.

ಡೆಕರ್ಡೇ ಯಂತ್ರವಾ ಅಂತಲೂ ಕೇಳಿದ್ದೀರಿ. ಆ ಗುಮಾನಿ ಜಾಸ್ತಿಯಾದದ್ದು 1992ರ ಸಿನಿಮಾ ಆವೃತ್ತಿಯಲ್ಲಿ ಯುನಿಕಾರ್ನ್ (ಒಂಟಿಕೊಂಬಿನ ಕುದುರೆ) ಕನಸು ಸೇರಿದ ಮೇಲೆ. ಪುಸ್ತಕದ ಡೆಕರ್ಡ್ ಅದೇ ಪರೀಕ್ಷೆಯನ್ನು ತನಗೇ ಮಾಡಿಕೊಳ್ಳುತ್ತಾನೆ. ಆಂಡ್ರಾಯ್ಡ್ ಹೆಣ್ಣಿನ ಮೇಲೂ ತನಗೆ ಕನಿಕರ ಇದೆ ಅಂತ ಆಗ ಗೊತ್ತಾಗುತ್ತದೆ, ಅದೂ ಇನ್ನೂ ಮೂವರನ್ನು ಕೊಲ್ಲುವುದು ಬಾಕಿ ಇರುವಾಗ.