ಕಾರವಾರದಿಂದ ಜರ್ಮನಿಗೆ ಹೊರಟ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಗಂಡ ಅಮೆರಿಕದ ಆರ್ಮಿಯಲ್ಲಿದ್ದಾರೆ. ಜರ್ಮನಿಗೆ ಪೋಸ್ಟಿಂಗ್ ಆಗಿದೆ. ನೀವು ಮಗಳ ಜೊತೆ ಬಿಣಗಾದಲ್ಲಿ ತವರುಮನೆಯಲ್ಲಿದ್ದೀರಿ, ಕಾಗದಪತ್ರ ಬಂದ ಕೂಡಲೇ ಹೊರಡಬೇಕು. ಮಗಳಿಗೆ ಆರು ವರ್ಷ. ಕ್ಯಾಂಪಿನ ಶಾಲೆಗೆ ಹಾಕುವುದಾ, ಮನೆಯಲ್ಲೇ ಕಲಿಸುವುದಾ? ಜರ್ಮನಿಯಲ್ಲಿ ಮನೆಪಾಠಕ್ಕೆ ಕಾನೂನು ಬಿಡುವುದಿಲ್ಲ ಅಂತಾರೆ, ಹೌದಾ? ದಿನಕ್ಕೆ ಎಷ್ಟು ಗಂಟೆ ಕೂರಿಸಬೇಕು? ಮುಂದೆ ಊರಿಗೆ ವಾಪಸ್ ಬಂದರೆ ಇಲ್ಲಿ ಶಾಲೆಗೆ ಸೇರಿಸಿಕೊಳ್ಳುತ್ತಾರಾ? ಚಳಿ ಹೇಗೆ? ಇಷ್ಟು ಕೇಳಿದ್ದೀರಿ.

ನಾನು ಅಂಕೋಲೆಯವಳು, ಮನೆಯವರು ಕುಮಟೆ ಕಡೆಯವರು. ಈಗ ಟೆಕ್ಸಾಸ್‌ನ ಕಿಲೀನ್‌ನಲ್ಲಿ ನೆಲೆ ನಿಂತಿದ್ದೇವೆ. ಅದಕ್ಕೂ ಮೊದಲು ಜರ್ಮನಿಯ ವಿಲ್ಸೆಕ್‌ನಲ್ಲಿ ಇದ್ದೆವು. ಮಗನಿಗೆ ಅಲ್ಲಿಂದ ಶುರುಮಾಡಿ ಇವತ್ತಿನವರೆಗೂ ಮನೆಯಲ್ಲೇ ಪಾಠ. ಈಗ ಹೈಸ್ಕೂಲ್ ವಯಸ್ಸು.

ಮೊದಲು ಕಾನೂನು. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು, ಅಲ್ಲಿನವರು ಮನೆಯಲ್ಲಿ ಕಲಿಸುವ ಹಾಗಿಲ್ಲ. ಅದು ನಿಜ. ಆದರೆ ನೀವು ಹೋಗುವುದು ನೇಟೋ ದೇಶಗಳ ಸೋಫಾ ಒಪ್ಪಂದದ ಅಡಿಯಲ್ಲಿ, ಅಂದರೆ ಇನ್ನೊಂದು ದೇಶದಲ್ಲಿರುವ ಸೇನೆಗೆ ಯಾವ ಕಾನೂನು ಅಂತ ಹೇಳುವ ಒಪ್ಪಂದ. ಅಮೆರಿಕದ ಸೇನೆಯ ಜೊತೆ ಬಂದ ಕುಟುಂಬಗಳು ಅಲ್ಲಿ ಮನೆಪಾಠ ಮಾಡಬಹುದು, ತುಂಬಾ ಜನ ಮಾಡುತ್ತಾರೆ. ಅಲ್ಲಿಗೆ ತಲುಪಿದ ವಾರವೇ ಗ್ಯಾರಿಸನ್‌ನ, ಅಂದರೆ ಸೇನಾ ನೆಲೆಯ, ಸ್ಕೂಲ್ ಲಿಯೇಸನ್ ಆಫೀಸರ್‌ನ ಕಂಡು ಮಾತಾಡಿ, ಮಕ್ಕಳ ಶಾಲೆಯ ವಿಷಯ ನೋಡಿಕೊಳ್ಳುವವರು ಅವರು. ಕಮಾಂಡ್ ಸ್ಪಾನ್ಸರ್‌ಶಿಪ್, ಅಂದರೆ ಕುಟುಂಬ ಜೊತೆಗೆ ಬರಲು ಸೇನೆಯ ಒಪ್ಪಿಗೆ, ಇದ್ದರೆ ರಕ್ಷಣಾ ಇಲಾಖೆಯ ಶಾಲೆ, ಅದಕ್ಕೆ ಎಲ್ಲರೂ ಡೋಡಿಯಾ ಅನ್ನುತ್ತಾರೆ, ಉಚಿತ. ಮನೆಯಲ್ಲಿ ಕಲಿಸಿದರೂ ಆ ಶಾಲೆಯ ಲೈಬ್ರರಿ, ಸಂಗೀತ, ಆಟಕ್ಕೆ ಮಗುವನ್ನು ಕಳಿಸಬಹುದು. ಇದು ನಮಗಿರುವ ಹಕ್ಕು. ಕೇಳಲು ಸಂಕೋಚ ಬೇಡ. ಸ್ಪಾನ್ಸರ್‌ಶಿಪ್ ಪತ್ರ ಕೈಗೆ ಬರುವ ಮೊದಲು ಮಾತ್ರ ಟಿಕೆಟ್ ಮಾಡಬೇಡಿ.

ಒಂದು ಮಾತು ನೆನಪಿರಲಿ. ಬೆಳಗ್ಗೆ ಹತ್ತು ಗಂಟೆಗೆ ಮಗಳ ಕೈಹಿಡಿದು ಅಂಗಡಿಗೆ ಹೋದರೆ ಅಲ್ಲಿನ ಹಿರಿಯ ಜರ್ಮನ್ ಹೆಂಗಸರು ತಡೆದು ಕೇಳುತ್ತಾರೆ, 'ಇವತ್ತು ಶಾಲೆ ಇಲ್ವಾ?' ಅಂತ. ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಅದು ನಿಜವಾದ ಕಾಳಜಿ. ನಗುತ್ತಾ, ಆರ್ಮಿಯವರು, ಮನೆಯಲ್ಲೇ ಪಾಠ ಅಂತ ಹೇಳಿ. ನನ್ನನ್ನು ಹೀಗೆ ಕೇಳಿದ ಒಬ್ಬ ಅಜ್ಜಿ ಆಮೇಲೆ ಪ್ರತಿ ಸಲ ಸಿಕ್ಕಾಗಲೂ ಮಗನಿಗೆ ಒಂದೊಂದು ಜರ್ಮನ್ ಲೆಕ್ಕ ಹೇಳಿಕೊಡುತ್ತಿದ್ದರು. ಸೇಬು ಎಣಿಸುವುದು, ಚಿಲ್ಲರೆ ಕೊಡುವುದು.

ಗಂಟೆ ಎಷ್ಟು? ಆರು ವರ್ಷಕ್ಕೆ ಎರಡು ಗಂಟೆ ಸಾಕು. ಚಳಿ ಇರುತ್ತದೆ, ಬಟ್ಟೆ ಅಲ್ಲೇ ಕೊಳ್ಳಿ. ಚಳಿಗಿಂತ ಕತ್ತಲೆ ಕಷ್ಟ, ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸಂಜೆ ಮುಗಿದಿರುತ್ತದೆ. ಭಾನುವಾರ ಅಂಗಡಿ ಬಂದ್, ಶನಿವಾರವೇ ಹಾಲು ಮೊಸರು ತಂದಿಡಿ. ನಿಮ್ಮ ಮಿಕ್ಸರ್ ಖಂಡಿತ ತನ್ನಿ. ಅಲ್ಲಿ ಕರೆಂಟ್ ನಮ್ಮ ಹಾಗೆ 230 ವೋಲ್ಟ್. ಪಿನ್ನಿಗೆ ಒಂದು ಅಡಾಪ್ಟರ್ ಹಾಕಿದರೆ ಆಯಿತು, ಮೀನುಸಾರಿಗೆ ಮಸಾಲೆ ನುಣ್ಣಗೆ ಅರೆಯುತ್ತದೆ. ಅಮೆರಿಕದಿಂದ ತಂದ ಮಿಕ್ಸರುಗಳೇ ಅಲ್ಲಿ ಸುಟ್ಟುಹೋಗುವುದು.

ವಾಪಸ್ ಬರುವ ಚಿಂತೆ ಈಗಲೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಶಾಲೆಗೆ ಹೋಗದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಇದೆ. ಹತ್ತನೇ ತರಗತಿಯನ್ನು ಎನ್‌ಐಓಎಸ್ ಮೂಲಕ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, 14 ತುಂಬಿದ ಮೇಲೆ ಕಟ್ಟಬಹುದು. ಆದರೆ ಮೊದಲ ದಿನದಿಂದ ಒಂದು ಫೈಲ್ ಇಡಿ. ಮಗಳು ಏನು ಓದಿದಳು, ಏನು ಬರೆದಳು, ತಿಂಗಳಿಗೆ ನಾಲ್ಕು ಹಾಳೆಯಾದರೂ ಇರಲಿ. ಜರ್ಮನಿಯಿಂದ ಮುಂದೆ ನಿಮ್ಮನ್ನು ಅಮೆರಿಕದ ಯಾವ ರಾಜ್ಯಕ್ಕೆ ಹಾಕುತ್ತಾರೋ ಹೇಳಲಾಗದು. ಟೆಕ್ಸಾಸ್‌ನಲ್ಲಿ ಮನೆಪಾಠ ಅಂದರೆ ಯಾರಿಗೂ ತಿಳಿಸಬೇಕಾಗಿಲ್ಲ. ನ್ಯೂಯಾರ್ಕಿಗೆ ಹಾಕಿದರೆ ವರ್ಷದ ಯೋಜನೆ ಬರೆದುಕೊಡಬೇಕು, ಆಗಾಗ ವರದಿ ಒಪ್ಪಿಸಬೇಕು. ಫೈಲ್ ಇದ್ದವರಿಗೆ ಅದೇನೂ ಭಾರ ಅಲ್ಲ.

ನೀವು ಬಿಣಗಾದವರು. ಕಾರವಾರದ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಭೂಮಿ ಬಿಟ್ಟುಕೊಟ್ಟ ಊರುಗಳ ನಡುವೆ ಬೆಳೆದವರು. 2005ರಲ್ಲಿ ಆ ನೆಲೆ, ಐಎನ್‌ಎಸ್ ಕದಂಬ, ಶುರುವಾದ ಮೇಲೆ ನೌಕಾಪಡೆಯ ಮಕ್ಕಳು ವರ್ಗವಾಗಿ ಬರುವುದು, ಗೆಳೆತನ ಆಗುವಷ್ಟರಲ್ಲಿ ಹೊರಟುಹೋಗುವುದು ನೋಡಿರುತ್ತೀರಿ. ಇನ್ನು ಮೇಲೆ ಹಾಗೆ ಹೋಗುವವರು ನೀವು. ಆರ್ಮಿಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು. ಮನೆಪಾಠ ಆರಿಸಿಕೊಂಡಿದ್ದಕ್ಕೆ ನಮ್ಮ ಕಾರಣವೂ ಅದೇ ಆಗಿತ್ತು. ಊರು ಬದಲಾದರೂ ಪುಸ್ತಕ ಬದಲಾಗುವುದಿಲ್ಲ, ಟೀಚರ್ ಬದಲಾಗುವುದಿಲ್ಲ. ಅಪ್ಪ ತಿಂಗಳುಗಟ್ಟಲೆ ಹೊರಗಿದ್ದು ಬಂದರೆ ಪಾಠಕ್ಕೆ ರಜೆ ಕೊಟ್ಟು ಅವರ ಜೊತೆ ಬಿಡಬಹುದು. ಈ ಕಾರಣ ಇವತ್ತಿಗೂ ನನಗೆ ಸರಿ ಅನ್ನಿಸುತ್ತದೆ.

ನಾವು ವಿಲ್ಸೆಕ್ ತಲುಪಿದ್ದು ಫೆಬ್ರವರಿಯಲ್ಲಿ. ಸಾಮಾನು ಇನ್ನೂ ಹಡಗಿನಲ್ಲಿತ್ತು. ಆರ್ಮಿ ಕೊಟ್ಟ ಎರವಲು ಮೇಜು, ಎರವಲು ಮಂಚ. ಪಕ್ಕದಲ್ಲೇ ಗ್ರಾಫೆನ್‌ವೋರ್ ತರಬೇತಿ ಮೈದಾನ. 1910ರಿಂದ ಅಲ್ಲಿ ಫಿರಂಗಿ ಹಾರಿಸುತ್ತಿದ್ದಾರೆ. ರಾತ್ರಿ ಅಭ್ಯಾಸ ಶುರುವಾದರೆ ಕಿಟಕಿ ಗಾಜು ಅದುರುತ್ತಿತ್ತು. ಮಗ ಎದ್ದು ಬಂದು, ಯಾರು ಯಾರಿಗೆ ಹೊಡೀತಿದ್ದಾರೆ ಅಂತ ಕೇಳಿದ. ಯಾರಿಗೂ ಇಲ್ಲ, ಕಲಿಯುತ್ತಿದ್ದಾರೆ ಅಂದೆ. ಅಷ್ಟರಲ್ಲಿ ಮನೆಯವರ ತುಕಡಿ ಪೋಲೆಂಡಿಗೆ ಹೊರಟಿತು. ಆ ಮನೆಯಲ್ಲಿ ನಾನು, ಅವನು, ಇಬ್ಬರೇ.

ಪಾಠ ಚೆನ್ನಾಗಿಯೇ ನಡೆಯಿತು. ನನ್ನ ಆಯಿ, ಅಂದರೆ ಅಮ್ಮ, ಸರಕಾರಿ ಶಾಲೆಯ ಟೀಚರ್ ಆಗಿದ್ದವಳು. ನಲಿ-ಕಲಿಯಲ್ಲಿ ಮಕ್ಕಳಿಗೆ ಹೇಗೆ ಕಾರ್ಡು ಹಿಡಿದು ಕಲಿಸುತ್ತಿದ್ದಳೋ ಹಾಗೇ ನಾನೂ ರಟ್ಟು ಕತ್ತರಿಸಿ ಕಾರ್ಡು ಮಾಡಿದೆ. ಕರ್ನಾಟಕದ ಪಠ್ಯಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ, ಇಳಿಸಿಕೊಳ್ಳಿ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ನಮ್ಮ ನಾಲ್ಕು ನದಿ ಬರೆಸಿದೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಘಟ್ಟ ಇಳಿದವೇ ಸೀದಾ ಪಶ್ಚಿಮದ ಕಡಲಿಗೆ. ಪಕ್ಕದಲ್ಲಿ ಮನೆ ಹತ್ತಿರದ ವಿಲ್ಸ್ ಹೊಳೆ. ಅದು ನಾಬ್ ಸೇರಿ, ನಾಬ್ ಡ್ಯಾನ್ಯೂಬ್ ಸೇರಿ, ದೇಶದ ಮೇಲೆ ದೇಶ ದಾಟಿ ಕಪ್ಪುಸಮುದ್ರಕ್ಕೆ ಹೋಗುತ್ತದೆ. ಅಷ್ಟು ದೂರ ಹೋಗಲು ಅದಕ್ಕೆ ಬೇಸರ ಬರೋದಿಲ್ವಾ ಅಂತ ಕೇಳಿದ್ದ. ಅಮೆರಿಕದ ಪುಸ್ತಕದಲ್ಲಿ, ಬ್ರಿಟಿಷರ ತೆರಿಗೆ ವಿರೋಧಿಸಿ ಚಹಾ ಕಡಲಿಗೆ ಎಸೆದ ಬಾಸ್ಟನ್ನಿನ ಕತೆ ಬಂದಾಗ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಹೇಳಿಕೊಟ್ಟೆ. ನಮ್ಮೂರಿನ ಕಡಲದಂಡೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದ ಜನರ ಊರು ಇದು ಅಂತ ಅವನು ಈಗಲೂ ಬೇರೆಯವರಿಗೆ ಹೇಳುತ್ತಾನೆ. ಕೇಳಿದಾಗ ನನಗೆ ಎದೆ ತುಂಬಿ ಬರುತ್ತದೆ. ಏಳು ವರ್ಷಕ್ಕೆ ಕನ್ನಡ ತಪ್ಪಿಲ್ಲದೆ ಓದುತ್ತಿದ್ದ, ಬರೆಯುತ್ತಿದ್ದ.

ಆ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋದೆವು. ಇಶಾಡ ಮಾವಿನ ಕಾಲ. ಅಂಕೋಲೆಯ ಮನೆಗೆ ಪಕ್ಕದ ಮಾಸ್ತರರು ಬಂದು ಜಗಲಿಯಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದವರು, ಆಯಿಯೂ ಅವರೆದುರು ಗೌರವದಿಂದ ನಿಲ್ಲುತ್ತಾಳೆ. ಚಹಾ ಲೋಟವನ್ನು ಮಗನ ಕೈಯಲ್ಲಿ ಕೊಟ್ಟು ಕಳಿಸಿದೆ. ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೋಗಿ, ಅವರ ಮುಂದೆ ನಿಂತು ಹೇಳಿದ: 'ತಗೋ. ಬಿಸಿ ಇದೆ, ಚೆಲ್ಲಬೇಡ. ಬೇಗ ಕುಡಿ.' ನನ್ನದೇ ದನಿ, ನನ್ನದೇ ಮಾತು. ಮಾಸ್ತರರು ಅವನ ತಲೆ ಸವರಿ, ಆಯ್ತು ಮಾರಾಯ ಅಂದು ಕುಡಿದರು. ಅವರಿಗೆ ಏನೂ ಅನ್ನಿಸಲಿಲ್ಲ. ನಾನು ಬಾಗಿಲ ಹತ್ತಿರ ನಿಂತುಬಿಟ್ಟೆ.

ಅವನಿಗೆ ಬರುವ ಕನ್ನಡವೆಲ್ಲ ಒಬ್ಬ ತಾಯಿ ಒಂದು ಮಗುವಿಗೆ ಆಡುವ ಕನ್ನಡ. ತಿನ್ನು, ಬರಿ, ಕೈ ತೊಳ್ಕೊ, ಮಲಗು. ಇಬ್ಬರು ದೊಡ್ಡವರು ಕೂತು ಮಾತಾಡುವುದನ್ನು ಅವನು ಕೇಳಿಯೇ ಇರಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡುತ್ತಿದ್ದೆ? ನಮ್ಮ ಕಡೆ ಮಕ್ಕಳು ಕಲಿಯುವುದು ಜಗಲಿಯಲ್ಲಿ ಅಲ್ವಾ? ಮೀನಿನ ಅಕ್ಕನ ಹತ್ತಿರ ದರಕ್ಕೆ ಜಗ್ಗಾಡುವುದು, ದೊಡ್ಡಪ್ಪನ ಗದ್ದೆ ತಕರಾರು, ಯಕ್ಷಗಾನ ನೋಡಿ ಬಂದವರ ವಾದ, ಸಾವಿನ ಮನೆಗೆ ಹೋದರೆ ಏನು ಮಾತಾಡಬೇಕು, ಏನು ಮಾತಾಡಬಾರದು. ಅದನ್ನೆಲ್ಲ ಯಾರೂ ಕೂರಿಸಿ ಕಲಿಸುವುದಿಲ್ಲ. ಸುಮ್ನೆ ಕಿವಿಗೆ ಬೀಳುತ್ತದೆ. ನನಗೂ ನಿಮಗೂ ಹಾಗೇ ಬಂದಿದ್ದು.

ಅದೇ ಸಲ ಅಣ್ಣನ ಮಕ್ಕಳ ಜೊತೆ ಬೇಲೆಗೆ, ಕಡಲದಂಡೆಗೆ, ಆಡಲು ಹೋಗಿದ್ದ. ಅವರು ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ, ಅಡ್ಡಹೆಸರು ಇಡುತ್ತಾರೆ, ಔಟ್ ಆದರೂ ಅಲ್ಲ ಅಂತ ಜಗಳ ತೆಗೆಯುತ್ತಾರೆ. ಇವನಿಗೆ ಅರ್ಥ ಎಲ್ಲ ಆಗುತ್ತದೆ, ತಿರುಗಿಸಿ ಕೊಡಲು ಮಾತಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ ನನ್ನ ಹತ್ತಿರ ವಾಪಸ್ ಬಂದ.

ಆಮೇಲೆ ಜರ್ಮನಿಗೆ ಮರಳಿದ ಮೇಲೆ ಒಂದು ರೂಢಿ ಶುರುಮಾಡಿದೆ. ನೀವು ಮೊದಲ ವಾರದಿಂದಲೇ ಮಾಡಿ. ಜರ್ಮನಿಗೂ ಊರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಬೆಳಗ್ಗೆ ಏಳಕ್ಕೆ ಎದ್ದು ಫೋನ್ ಮಾಡಿದರೆ ಊರಲ್ಲಿ ಆಯಿ ಅಡುಗೆಮನೆಯಲ್ಲಿ ಇರುತ್ತಾಳೆ. ಫೋನ್ ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಡಿ. ಮಗುವಿಗೆ 'ಅಜ್ಜಿ ಹತ್ತಿರ ಮಾತಾಡು' ಅಂತ ಒತ್ತಾಯ ಮಾಡಬೇಡಿ, ಅದು ಮತ್ತೊಂದು ಪಾಠ ಆಗುತ್ತದೆ. ನೀವು ಮಾತಾಡಿ. ಬಂಗಡೆ ಎಷ್ಟಕ್ಕೆ ಬಂತು, ಬಾವಿ ನೀರು ಇಳಿಯಿತಾ, ಯಾರ ಮನೆ ಮದುವೆ, ಯಾರ ಜೊತೆ ಯಾರಿಗೆ ಮಾತಿಲ್ಲ. ಮಗ ಮೇಜಿನ ಕೆಳಗೆ ಲೆಗೋ ಹರಡಿಕೊಂಡು ಕೂತಿರುತ್ತಿದ್ದ, ಕೇಳಿಸಿಕೊಳ್ಳುತ್ತಿಲ್ಲ ಅನ್ನುವ ಹಾಗೆ. ಒಂದು ದಿನ ಕೆಳಗಿಂದಲೇ ಕೇಳಿದ: 'ಅಜ್ಜಿ, ನಿನ್ನೆ ಎರಡು ನೂರು ಅಂದಿದ್ರಲ್ಲ, ಇವತ್ತು ಯಾಕೆ ಜಾಸ್ತಿ ಕೊಟ್ರಿ?' ಆಯಿ ಅಲ್ಲೇ ಅತ್ತಳು.

ಅಜ್ಜಿ ಜೊತೆ, ಮಾವಂದಿರ ಜೊತೆ ಈಗ ಚೆನ್ನಾಗಿ ಮಾತಾಡುತ್ತಾನೆ. ಎದುರಿಗೆ ಹಿರಿಯರು ಬಂದರೆ ಬನ್ನಿ, ಕೂತ್ಕೊಳ್ಳಿ ಅನ್ನುತ್ತಾನೆ. ಆದರೆ ತನ್ನ ವಾರಿಗೆಯವರು ಸಿಕ್ಕರೆ ಇಂಗ್ಲಿಷಿಗೆ ಹೊರಳುತ್ತಾನೆ. ಜಗಳ ಆಡುತ್ತಾ, ನಗುತ್ತಾ, ಒಟ್ಟಿಗೆ ಬೆಳೆಯುತ್ತಾ ಬರಬೇಕಾದ ಮಾತು ಅದು. ಫೋನಿನಲ್ಲಿ ಬರಲಿಲ್ಲ. ಅಣ್ಣನ ಮಕ್ಕಳು ಅವನಿಗೆ ಮರ್ಯಾದೆ ಕೊಡುತ್ತಾರೆ, ಅದೇ ನನಗೆ ನೋವು. ಅಣ್ಣತಮ್ಮಂದಿರಲ್ಲಿ ಮರ್ಯಾದೆ ಯಾಕೆ ಬೇಕು? ನಿಮ್ಮ ಮಗಳಿಗೆ ಊರಲ್ಲಿ ಅಕ್ಕತಂಗಿಯರು ಇದ್ದರೆ, ರಜೆ ಬಂದಾಗ ಯೂರೋಪ್ ಸುತ್ತುವ ಮೊದಲು ಊರಿನ ಟಿಕೆಟ್ ಮಾಡಿ. ಪ್ಯಾರಿಸ್ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳು ಒಟ್ಟಿಗೆ ಮಣ್ಣಾಡುವ ವಯಸ್ಸು ಮಾತ್ರ ನಾಲ್ಕೈದು ವರ್ಷಕ್ಕೆ ದಾಟಿಹೋಗುತ್ತದೆ.

ಕ್ಯಾಂಪಿನಲ್ಲಿ ಮನೆಪಾಠದ ತಾಯಂದಿರ ಕೋ-ಆಪ್ ಇದ್ದರೆ ಸೇರಿ. ವಾರಕ್ಕೊಮ್ಮೆ ಲೈಬ್ರರಿಯಲ್ಲೋ ಚಾಪೆಲ್ ಹಾಲಿನಲ್ಲೋ ಸೇರುತ್ತಾರೆ. ಒಬ್ಬರು ವಿಜ್ಞಾನ, ಒಬ್ಬರು ಚಿತ್ರಕಲೆ, ಹೀಗೆ ಹಂಚಿಕೊಳ್ಳುತ್ತಾರೆ. ನನ್ನ ಮಗನಿಗೆ ಪಿಯಾನೋ ಕಲಿಸಿದ್ದು ಫಿಲಿಪ್ಪೀನ್ಸ್‌ನ ಒಬ್ಬ ತಾಯಿ, ನಾನು ಅವರ ಮಕ್ಕಳಿಗೆ ಗಣಿತ. ಮಗುವಿಗೆ ಇನ್ನೊಬ್ಬರ ದನಿ, ಇನ್ನೊಬ್ಬರ ಸಿಟ್ಟು, ಇನ್ನೊಬ್ಬರ ಶಿಸ್ತು ಸಿಗಲಿ. ಇಡೀ ದಿನ ನಿಮ್ಮ ಮುಖ ಒಂದೇ ಆದರೆ ಅವಳಿಗೂ ಕಷ್ಟ, ನಿಮಗೂ ಕಷ್ಟ.

ಇನ್ನೊಂದು ಎಚ್ಚರಿಕೆ. ಗಂಡನ ಯೂನಿಟ್ ಯಾವುದು, ಯಾವಾಗ ಹೊರಡುತ್ತಾರೆ, ಯಾವಾಗ ಬರುತ್ತಾರೆ, ಇದನ್ನು ಎಲ್ಲರಿಗೂ ಕಾಣುವ ಕಡೆ ಬರೆಯಬೇಡಿ. ಊರಿನ ವಾಟ್ಸಾಪ್ ಗುಂಪಿನಲ್ಲೂ ಬೇಡ. ನಮ್ಮವರೇ ಅಲ್ವಾ ಅನ್ನಿಸುತ್ತದೆ, ಆದರೂ ಬೇಡ.

ಶಾಲೆಗೆ ಹಾಕಬೇಕಾ ಬೇಡವಾ ಅಂತ ನಾನು ನಿರ್ಧಾರ ಹೇಳುವುದಿಲ್ಲ. ಗಂಡ ಮೊದಲ ಆರು ತಿಂಗಳು ಮನೆಯಲ್ಲಿ ಇರುತ್ತಾರಾ ಅಂತ ಮೊದಲು ತಿಳಿದುಕೊಳ್ಳಿ. ಇರುವುದಿಲ್ಲ ಅಂತಾದರೆ ಒಂದು ವರ್ಷ ಕ್ಯಾಂಪಿನ ಶಾಲೆಗೇ ಹಾಕಿ, ನೀವು ಊರು, ಭಾಷೆ, ರಸ್ತೆ ಗುರುತು ಮಾಡಿಕೊಳ್ಳಿ. ಆಮೇಲೆ ಮನೆಗೆ ತಂದುಕೊಂಡರಾಯಿತು.

ಮಗಳು ಅಕ್ಷರ ಕೂಡಿಸಿ ಓದುತ್ತಾಳಾ, ಇನ್ನೂ ಕಾಗುಣಿತದಲ್ಲಿದ್ದಾಳಾ? ತಿಳಿಸಿ. ಮಗ ಓದಿ ಮುಗಿಸಿದ ಕನ್ನಡ ಪುಸ್ತಕಗಳು, ಆ ರಟ್ಟಿನ ಕಾರ್ಡುಗಳು ಒಂದು ಡಬ್ಬದಲ್ಲಿವೆ. ನಿಮಗೆ ಎಪಿಓ ವಿಳಾಸ, ಅಂದರೆ ಅಮೆರಿಕದ ಸೇನಾ ಅಂಚೆಯ ವಿಳಾಸ, ಸಿಕ್ಕ ಕೂಡಲೇ ನನಗೊಬ್ಬಳಿಗೆ ಕಳಿಸಿ. ಇಲ್ಲಿಂದ ಅಲ್ಲಿಗೆ ಅಮೆರಿಕದೊಳಗಿನ ಅಂಚೆ ದರವೇ ಬೀಳುತ್ತದೆ, ಹಣದ ಮಾತು ಬೇಡ.