ಗಲಭೆಯ ಊರುಗಳಲ್ಲಿ ಶಾಂತಿಯ ಕೆಲಸಕ್ಕೆ ಯುವಜನರನ್ನು ಅಣಿಗೊಳಿಸುವುದು ಹೇಗೆ?

ಸಮಾಜಕಾರ್ಯ ಓದುತ್ತಿರುವ ತಾವು, ಹಲವು ಭಾಷೆ, ಹಲವು ಸಮುದಾಯದವರು ಬೆರೆತು ಬದುಕುವ, ಆದರೆ ಆಗಾಗ ಗಲಭೆ ಹೊತ್ತಿಕೊಳ್ಳುವ ಪ್ರದೇಶಗಳಲ್ಲಿ ಯುವಜನರನ್ನು ಶಾಂತಿಯ ಕೆಲಸಕ್ಕೆ ಹೇಗೆ ಸಿದ್ಧಪಡಿಸಬೇಕು, ಶಿಬಿರಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ನಾನು ಮಂಡ್ಯದ ಕಾಲೇಜೊಂದರಲ್ಲಿ ಅಧ್ಯಾಪಕ. ಹಲವು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಹೊತ್ತವನು.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಿಗೇ ಬೆಂಗಳೂರು, ಮೈಸೂರು ಕಡೆಗಳಲ್ಲಿ ತಮಿಳು ಮಾತನಾಡುವವರ ಮೇಲೆ ದಾಳಿಗಳು ನಡೆದವು. ಆಗ ನಾನು ಮೈಸೂರಿನಲ್ಲಿ ಪದವಿ ಓದುತ್ತಿದ್ದೆ. ನಮ್ಮ ವಠಾರದ ತಮಿಳು ಕುಟುಂಬವೊಂದು ರಾತ್ರೋರಾತ್ರಿ ಬಾಗಿಲಿಗೆ ಬೀಗ ಹಾಕಿ, ಎರಡು ಟ್ರಂಕು ಹೊತ್ತು ಹೊರಟಾಗ ನಾವು ಏಳೆಂಟು ಹುಡುಗರು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆವು. ಆ ಮನೆಯಮ್ಮನ ಕೈಯಿಂದ ದೀಪಾವಳಿಯ ತಿಂಡಿ ತಿಂದು ಬೆಳೆದವರು ನಾವು. ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಆದರೂ ಒಬ್ಬನೂ ಟ್ರಂಕಿಗೆ ಕೈ ಕೊಡಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮಿಂದಲೂ ಆಗಬಹುದಾದ ಕೆಲಸವಿದೆ ಎಂದು ಅದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಕಲ್ಲು ಎತ್ತಿಕೊಳ್ಳುವವರು ಎಲ್ಲ ಕಡೆಯೂ ಕೆಲವರೇ. ನಿಂತು ನೋಡುವ ಒಳ್ಳೆಯ ಹುಡುಗರೇ ಹೆಚ್ಚು. ತಾವು ತಲುಪಬೇಕಾದದ್ದು ಮುಖ್ಯವಾಗಿ ಇವರನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಾಂತಿಯ ಬಗ್ಗೆ ಪ್ರಬಂಧ ಸ್ಪರ್ಧೆ, ಭಾಷಣ, ಪ್ರತಿಜ್ಞಾವಿಧಿ ಇವನ್ನೆಲ್ಲ ನಾನೂ ವರ್ಷಗಟ್ಟಲೆ ನಡೆಸಿದೆ. ಬಹುಮಾನ ಹಂಚಿದ್ದಷ್ಟೇ ಬಂತು. ಬದಲಾವಣೆ ಕಂಡದ್ದು ಏಳು ದಿನದ ವಿಶೇಷ ಶಿಬಿರಗಳಲ್ಲಿ, ಅದೂ ತಂಡಗಳನ್ನು ನಾವೇ ಬೆರೆಸಿ ರಚಿಸಿದಾಗ. ತಮ್ಮ ಪಾಡಿಗೆ ಬಿಟ್ಟರೆ ಒಂದೇ ಊರಿನವರು, ಒಂದೇ ಜಾತಿಯವರು ಒಂದು ಕಡೆ ಸೇರಿಕೊಳ್ಳುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಅವರು, 1972ರಲ್ಲಿ ಚಂಬಲ್ ಕಣಿವೆಯ ದರೋಡೆಕೋರರು ಶರಣಾಗಲು ದುಡಿದವರು, ದೇಶದ ನಾನಾ ಭಾಷೆಗಳ ಯುವಕರನ್ನು ಕಲೆಹಾಕಿ ನಡೆಸುತ್ತಿದ್ದ ಶಿಬಿರಗಳಲ್ಲಿಯೂ ಹಾಡಿನಷ್ಟೇ ಸ್ಥಾನ ಶ್ರಮದಾನಕ್ಕಿತ್ತು.

ಒಂದು ವರ್ಷ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನ ಹಳ್ಳಿಯೊಂದರಲ್ಲಿ ಕಿರುಗಾಲುವೆಯ ಹೂಳು ತೆಗೆಯುವ ಕೆಲಸ ಹಿಡಿದಿದ್ದೆವು. ಕಬ್ಬು ಬೆಳೆಯುವವರ ಮಗನೊಬ್ಬನನ್ನೂ ಸಕ್ಕರೆ ಕಾರ್ಖಾನೆಯ ಕಡೆಯ, ತಮಿಳು ಮನೆಮಾತಿನ ಹುಡುಗನೊಬ್ಬನನ್ನೂ ಅಡುಗೆ ತಂಡಕ್ಕೆ ಹಾಕಿದೆ. ಮೂರನೆಯ ದಿನ ಹಿಟ್ಟು ಗಂಟುಗಂಟಾಗಿ, ಐವತ್ತು ಜನ ತಟ್ಟೆ ಹಿಡಿದು ಕಾಯುತ್ತಿದ್ದಾಗ, ಒಬ್ಬ ಪಾತ್ರೆಯನ್ನು ಒತ್ತಿ ಹಿಡಿದು, ಇನ್ನೊಬ್ಬ ಕೋಲಿನಿಂದ ತೊಳಸಿ, ಬೆವರಿಳಿಸುತ್ತಾ ಮುದ್ದೆ ಕಟ್ಟಿದರು. ಅವರ ನಡುವೆ ಅದಕ್ಕಿಂತ ದೊಡ್ಡ ಸಂವಾದವೇನೂ ನಡೆಯಲಿಲ್ಲ.

2016ರ ಸೆಪ್ಟೆಂಬರ್ 5ರಂದು, ಹತ್ತು ದಿನ 15,000 ಕ್ಯುಸೆಕ್‌ನಂತೆ ತಮಿಳುನಾಡಿಗೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಎರಡೂ ರಾಜ್ಯಗಳ ಹಲ್ಲೆಯ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಆ ರೈತನ ಮಗ ಹಗಲೆಲ್ಲ ಹೆದ್ದಾರಿ ತಡೆಯಲ್ಲಿ ಕುಳಿತಿದ್ದ. ಗೆಳೆಯನ ಬೀದಿಗೆ ನುಗ್ಗುತ್ತಾರೆಂಬ ವದಂತಿ ಸಂಜೆ ಹಬ್ಬಿದಾಗ ಐದಾರು ಜನರೊಂದಿಗೆ ಆ ಬೀದಿಯ ತಿರುವಿನಲ್ಲಿ ಹನ್ನೊಂದು ಗಂಟೆಯವರೆಗೂ ಕುಳಿತ. "ಸಾರ್, ಇಲ್ಲಿ ಏನೂ ಆಗಿಲ್ಲ, ಬರ್ತಿರೋದೆಲ್ಲ ಸುಳ್ಳು ಅಂತ ಗ್ರೂಪಿಗೆ ಹಾಕಿ" ಎಂದು ನನಗೆ ಫೋನು ಮಾಡಿದ. ಮರುದಿನ ಅವನನ್ನು ದ್ರೋಹಿ ಎಂದು ಜರೆದವರೂ ಇದ್ದರು.

ಅವನು ನೀರಿನ ಬೇಡಿಕೆಯನ್ನು ಬಿಟ್ಟಿರಲಿಲ್ಲ, ಬಿಡೆಂದು ನಾನು ಹೇಳಿಯೂ ಇರಲಿಲ್ಲ. ಹೇಳಿದ್ದರೆ ಅವನು ನಮ್ಮ ಹತ್ತಿರ ಸುಳಿಯುತ್ತಿರಲಿಲ್ಲ. ಒಣಗುವ ಪೈರಿನ ಸಂಕಟ ನಿಜವಾದದ್ದು; ಅದಕ್ಕೆ ನೆರೆಮನೆಯವನನ್ನು ಹೊಣೆ ಮಾಡುವುದಷ್ಟೇ ತಪ್ಪು. ಶಾಂತಿಯ ಹೆಸರಿನಲ್ಲಿ ಯುವಕರ ನ್ಯಾಯವಾದ ಸಿಟ್ಟನ್ನು ಅದುಮಲು ಹೊರಡುವ ಕಾರ್ಯಕ್ರಮಗಳು ಇಲ್ಲಿಯೇ ಎಡವುತ್ತವೆ. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವಾಗಿ ಕೂಡಿ, ಪರಸ್ಪರರ ಹೊಲಗದ್ದೆಗಳಿಗೆ ಹೋಗಿ ನೋಡಿದರು. ನೀರಿನ ಹಂಚಿಕೆ ಅದರಿಂದ ಬಗೆಹರಿಯಲಿಲ್ಲ, ಅಂತಿಮ ತೀರ್ಪು ಬಂದದ್ದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದಲೇ. ಆದರೆ ತಮ್ಮ ಹಕ್ಕನ್ನು ಬಿಡದೆಯೂ ಎದುರಿನವರ ಗದ್ದೆಯ ಬಿರುಕನ್ನು ಕಾಣಬಹುದೆಂದು ಅವರು ತೋರಿಸಿಕೊಟ್ಟರು.

ಇನ್ನೊಂದು ಮಾತು, ತೀರ್ಮಾನದ ಅಧಿಕಾರದ ಬಗ್ಗೆ. ಯುದ್ಧದ ನಂತರದ ಬೋಸ್ನಿಯಾದಲ್ಲಿ ಒಂದೇ ಕಟ್ಟಡದೊಳಗೆ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಎಂಬ ಎರಡು ಸಮುದಾಯಗಳ ಮಕ್ಕಳಿಗೆ ಬೇರೆ ಬೇರೆ ಪಾಠ ನಡೆಯುವ ಶಾಲೆಗಳಿವೆ. ಯಾಯ್ಟ್ಸೆ ಎಂಬ ಊರಿನಲ್ಲಿಯೂ ಪ್ರತ್ಯೇಕ ಪ್ರೌಢಶಾಲೆ ತೆರೆಯಲು ಹೊರಟಾಗ, ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟಾಗಿ ಬೀದಿಗಿಳಿದು ವಿರೋಧಿಸಿದರು. 2017ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಹಿರಿಯರು ಬೇರ್ಪಡಿಸಲು ನಿರ್ಧರಿಸಿದ್ದನ್ನು ಮಕ್ಕಳು ತಡೆದರು. ಆದ್ದರಿಂದ ಯುವಕರನ್ನು ಕುರ್ಚಿ ಜೋಡಿಸಲು, ವಂದನಾರ್ಪಣೆ ಮಾಡಲು ಮಾತ್ರ ಕರೆಯಬೇಡಿ. ಊರಿನ ಶಾಂತಿ ಸಭೆಗೆ ಅರವತ್ತು ದಾಟಿದ ಮುಖಂಡರೇ ಬಂದು, ಚಹಾ ಕುಡಿದು ಹೋಗುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಇಪ್ಪತ್ತರ ಹರೆಯದವರಿಗೆ, ಹೆಣ್ಣುಮಕ್ಕಳಿಗೂ ಸೇರಿ, ಮಾತಿನ ಹಕ್ಕಿರಬೇಕು.

ಆದರೆ ನೆತ್ತರು ಹರಿದ ಮೇಲೆ ಇದೇ ಕ್ರಮ ನಡೆಯದು. 2023ರ ಮೇ ತಿಂಗಳಿಂದ ಮಣಿಪುರದಲ್ಲಿ ಕಣಿವೆಯ ಮೈತೇಯಿಗಳೂ ಬೆಟ್ಟದ ಕುಕಿಗಳೂ ಬೇರೆ ಬೇರೆಯಾಗಿ ಬದುಕುವಂತಾಗಿದೆ. ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಅಂಥಲ್ಲಿ ಎರಡೂ ಕಡೆಯ ಹುಡುಗರನ್ನು ವೇದಿಕೆಗೆ ಹತ್ತಿಸಿ ಕೈಕುಲುಕಿಸಿದರೆ, ಮನೆಗೆ ಮರಳುವ ದಾರಿಯಲ್ಲಿ ಅವರ ಜೀವಕ್ಕೇ ಅಪಾಯ. 2015ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 2250ನೆಯ ನಿರ್ಣಯ ಯುವಜನರ ಪಾಲ್ಗೊಳ್ಳುವಿಕೆಯ ಜೊತೆಗೆ ಅವರ ರಕ್ಷಣೆಯನ್ನೂ ಹೇಳುತ್ತದೆ. ಮೊದಲು ಅವರವರ ಕಡೆಯಲ್ಲೇ ಪಾಠ, ಔಷಧಿ, ಸುಳ್ಳು ಸುದ್ದಿಯ ಪರಿಶೀಲನೆ ನಡೆಯಲಿ. ಭೇಟಿ ಯಾವಾಗ, ಎಲ್ಲಿ ಎಂಬುದನ್ನು ಅವರೇ ತೀರ್ಮಾನಿಸಲಿ.

ತಾವು ಕ್ಷೇತ್ರಕಾರ್ಯಕ್ಕೆ ಹೋಗುವ ಊರಿನಲ್ಲಿ ಮೊದಲ ವಾರ ಉಪನ್ಯಾಸ ಇಟ್ಟುಕೊಳ್ಳಬೇಡಿ. ಎರಡೂ ಕಡೆಯವರಿಗೆ ಬೇಕಾದ ಕೆಲಸ ಯಾವುದಿದೆ, ಗಲಭೆಯ ರಾತ್ರಿ ಯಾವ ಬೀದಿಯಿಂದ ಯಾರು ಯಾರಿಗೆ ಫೋನು ಮಾಡಬೇಕು ಎಂಬ ಎರಡನ್ನು ಅಲ್ಲಿಯ ಯುವಕರೊಂದಿಗೆ ಕುಳಿತು ಬರೆದಿಟ್ಟುಕೊಳ್ಳಿ.